ಕಗ್ಗಲಿಹಳ್ಳದಲ್ಲಿ ಸಿಕ್ಕ ಕರಿಮರಳಿನ ಹುಳ

ಕಗ್ಗಲಿಹಳ್ಳದ ದಂಡೆ, ಶಿಂಷಾ ಸೀಮೆ
೨೨೩೧ನೇ ಇಸವಿ, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಮೇಲ್ದಂಡೆಯವರೇ,

ಹಳ್ಳವನ್ನು ನಾನು ಕೊಂದಿಲ್ಲ. ಕೊಲ್ಲುವುದಕ್ಕೆ ಅದು ಪೂರ್ತಿ ಬದುಕಿರಲೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಅಷ್ಟೇ. ಅದಕ್ಕೆ ನಮ್ಮಪ್ಪ, "ಊರ್ನೇ ಕಿತ್ತು ಬಿಸಾಕ್ಬುಟ್ಟೆ ಕಣ್ಲಾ ಮಂಚ" ಅಂದ. ಹಾಗಂದು ಗೋಡೆ ಕಡೆ ತಿರುಗಿ ಕೂತವನು ಆಮೇಲೆ ತುಟಿ ಬಿಚ್ಚಿಲ್ಲ. ಮಾತಾಡದವನ ಜೊತೆ ಜಗಳ ಆಡುವುದು ಹೇಗೆ, ನೀವೇ ಹೇಳಿ. ಯಾರಾದರೊಬ್ಬರ ಮೇಲೆ ರೇಗಲೇಬೇಕಲ್ಲ, ಅದಕ್ಕೇ ನಿಮಗೆ ಬರೆಯಲು ಕೂತೆ.

ತಾರೀಕು ನೋಡಿ ನಗಬೇಡಿ. ನಾನು ಏಳನೆಯ ತರಗತಿಯಲ್ಲೇ ಶಾಲೆ ಬಿಟ್ಟವನು, ನನ್ನ ಮಾತು ಒರಟು. ಅದರ ಮೇಲೆ ನಮ್ಮ ಕಾಲದ ಪದಗಳು ನಿಮ್ಮ ಕಿವಿಗೆ ವಿಚಿತ್ರವಾಗಿರುತ್ತವೆ. ಕ್ಷಮಿಸಿ, ಹೇಳಿಕೊಂಡೇ ಹೋಗುತ್ತೇನೆ. ಮೇಲ್ದಂಡೆಯವರು ಅಂದರೆ ನಮಗಿಂತ ಮುಂಚೆ ಬದುಕಿದವರು. ನೀವು ಬಿಟ್ಟಿದ್ದೆಲ್ಲ ಹರಿದು ನಮ್ಮ ಹತ್ತಿರ ಬರುತ್ತದೆ, ನಾವು ಕೂಗಿದ್ದು ಮಾತ್ರ ನಿಮ್ಮ ತನಕ ಬರುವುದಿಲ್ಲ. ಹದಿಮೂರನೆಯ ತಿಂಗಳಿಗೆ ಹೊಳೆತಿಂಗಳು ಅನ್ನುತ್ತೇವೆ. ಬೇರೆ ತಿಂಗಳುಗಳಿಂದ ಒಂದೆರಡು ದಿನ ಕಿತ್ತುಕೊಂಡು ಡಿಸೆಂಬರ್ ಆದಮೇಲೆ ಸೇರಿಸಿದ್ದಾರೆ. ಅಷ್ಟು ಹೊತ್ತಿಗೆ ಮಳೆಯ ಕೆಂಪೆಲ್ಲ ಇಳಿದು ನೀರು ತಿಳಿಯಾಗಿರುತ್ತದೆ, ತಳ ಕಾಣುತ್ತದೆ. ಗದ್ದೆ ಕೆಲಸ ಇರುವುದಿಲ್ಲ, ಶಾಲೆಗೆ ರಜ. ನಾಡಿನ ಎಲ್ಲರೂ ಅವರವರ ಹಳ್ಳದ ಹತ್ತಿರ ಹೋಗಿ, ಅದು ಹೇಗಿದೆ ಎಂದು ನೋಡುವುದೇ ಆ ತಿಂಗಳ ಕೆಲಸ. ಕಾಯಿಲೆಯ ಮನೆಗೆ ಹಣ್ಣು ಹಿಡಿದು ಹೋಗಿ ಮಾತಾಡಿಸಿಕೊಂಡು ಬರುತ್ತೀರಲ್ಲ, ಹಾಗೆ.

ನೋಡುವುದು ನೀರಿನ ಬಣ್ಣವನ್ನಲ್ಲ. ಬಣ್ಣ ಮೋಸ ಮಾಡುತ್ತದೆ. ನೀರು ಇವತ್ತು ಚೆನ್ನಾಗಿದ್ದು ಹೋದ ತಿಂಗಳು ವಿಷವಾಗಿದ್ದರೆ ನಿಮಗೇನು ಗೊತ್ತಾಗುತ್ತದೆ? ಕಲ್ಲಿನ ಕೆಳಗೆ ವರ್ಷಪೂರ್ತಿ ಬಿದ್ದಿರುವ ಹುಳಗಳಿಗೆ ಗೊತ್ತಿರುತ್ತದೆ. ಕೊಳಕು ನೀರಿನಲ್ಲಿ ಕೆಂಪುಹುಳ ಒಂದೇ ಬದುಕುತ್ತದೆ, ಅದಕ್ಕೆ ನಾಚಿಕೆ ಇಲ್ಲ. ನೀರು ಒಳ್ಳೆಯದಿದ್ದರೆ ಮೂರುಬಾಲದ ಹುಳ ಬರುತ್ತದೆ. ಇನ್ನೂ ಒಳ್ಳೆಯದಿದ್ದರೆ ಗೂಡುಹುಳ ಬರುತ್ತದೆ. ಮರಳಿನ ಕಾಳುಗಳನ್ನು ಬಾಯಿಯ ಅಂಟಿನಿಂದ ಒಂದಕ್ಕೊಂದು ಅಂಟಿಸಿ, ಮೈಸುತ್ತ ಗೂಡು ಕಟ್ಟಿಕೊಂಡು, ಅದನ್ನೇ ಎಳೆದುಕೊಂಡು ಓಡಾಡುತ್ತದೆ. ಕಡ್ಡಿಯಷ್ಟು ದಪ್ಪ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಬೆಳೆದ ಮೇಲೆ ರೆಕ್ಕೆ ಬಂದು ಹಾರಿಹೋಗುತ್ತದೆ. ಅಷ್ಟು ಸಣ್ಣ ಪ್ರಾಣಿಯ ಮೇಲೆ ಒಂದು ಊರು ನಿಂತಿರುತ್ತದೆ ಅಂದರೆ ನೀವು ನಂಬುವುದಿಲ್ಲ.

ನಮ್ಮಲ್ಲಿ ಹೆಣ್ಣು ಕೇಳಲು ಹೋದರೆ ಬೀಗರು ಹೊಲ ಗದ್ದೆ ಕೇಳುವುದಿಲ್ಲ, ನಿಮ್ಮ ಹಳ್ಳದಲ್ಲಿ ಏನೇನಿದೆ ಎಂದು ಕೇಳುತ್ತಾರೆ. ನಮ್ಮಣ್ಣನಿಗೆ ಹೆಣ್ಣು ನೋಡಲು ಬೆಟ್ಟದ ಸೀಮೆಗೆ ಹೋದಾಗ ಅಪ್ಪ ತಲೆ ತಗ್ಗಿಸಿ, "ಕೆಂಪುಹುಳ ಅದೆ ಸ್ವಾಮಿ" ಅಂದ. ಹೆಣ್ಣಿನ ಅಪ್ಪ ನಕ್ಕುಬಿಟ್ಟರು. "ಕೆಂಪುಹುಳಿನ ಊರ್ಗೆ ಹೆಣ್ ಕೊಡಾದ?" ಒಳಗಿನಿಂದ ಹುಡುಗಿಯ ದನಿ ಬಂತು: "ನಾನೇನ್ ಹುಳಿನ ಕಟ್ಕತೀನಾ? ಗಂಡಿನ್ ತಾನೇ ಕಟ್ಕಳಾದು?" ಅವತ್ತೇ ನಾನು, ಇವಳು ನಮ್ಮ ಅತ್ತಿಗೆಯಾಗಲಿ ಅಂದುಕೊಂಡೆ. ಹಾಗೇ ಆಯಿತು, ಈ ಸಲದ ಮಳೆ ನಿಂತ ಮೇಲೆ ಮದುವೆಯಾಗಿ ಬಂದಳು. ಹೊಂಬಾಳೆ ಅಂತ ಹೆಸರು. ಮಾತಿನಲ್ಲಿ ನನ್ನನ್ನು ಸೋಲಿಸುವವಳು ಇಡೀ ದಂಡೆಯಲ್ಲಿ ಅವಳೊಬ್ಬಳೇ.

ಅಪ್ಪ ತಲೆ ತಗ್ಗಿಸಿದ್ದಕ್ಕೆ ಕಾರಣ ನೀವು. ಸುಳ್ಳಲ್ಲ. ನಿಮ್ಮ ಕಾಲದಲ್ಲಿ ಈ ಹಳ್ಳದೊಳಕ್ಕೆ ಏನೇನು ಬಿಟ್ಟರೋ, ಅದರ ಕೆಸರು ಇವತ್ತಿಗೂ ಮಡುಗಳ ತಳದಲ್ಲಿದೆ, ಕಾಲಿಟ್ಟರೆ ಕಪ್ಪಗೆ ಏಳುತ್ತದೆ. ಅದನ್ನು ತೊಳೆಯಲು ಅಪ್ಪ ಹುಡುಗನಾಗಿದ್ದಾಗಿನಿಂದ ದಂಡೆ ಉದ್ದಕ್ಕೂ ಜೊಂಡು ನೆಟ್ಟಿದ್ದಾನೆ. ಊರಿನ ಬಚ್ಚಲ ನೀರು, ಕೊಟ್ಟಿಗೆ ನೀರು ಎಲ್ಲ ಆ ಜೊಂಡುಗದ್ದೆಯಲ್ಲಿ ಸುತ್ತಿ ಸುತ್ತಿ, ಬೇರುಗಳಲ್ಲಿ ಸೋಸಿಕೊಂಡೇ ಹಳ್ಳ ಸೇರಬೇಕು. ದಂಡೆಯೊಳಗೆ ಸೋಪು ತರುವ ಹಾಗಿಲ್ಲ, ಬಟ್ಟೆಗೆ ಅಂಟುವಾಳವೇ. ಜೊಂಡಿನ ಅಲಗು ಕೊಯ್ದು ಕೊಯ್ದು ಅಪ್ಪನ ಅಂಗೈ ಹಳೆಯ ಒರಳುಕಲ್ಲಿನ ಹಾಗಾಗಿದೆ. ಸಣ್ಣವನಿದ್ದಾಗ ಅವನು ತಲೆ ಸವರಿದರೆ ನನ್ನ ಕೂದಲು ಸಿಕ್ಕಿಕೊಳ್ಳುತ್ತಿತ್ತು.

ಈ ಹೊಳೆತಿಂಗಳು ನಮ್ಮ ಹಳ್ಳಕ್ಕೆ ಕೊನೆಯ ಅವಕಾಶವಾಗಿತ್ತು. ಮೇಲಿಂದ ಮೇಲೆ ಕೆಂಪುಹುಳ ಒಂದೇ ಸಿಕ್ಕಿದರೆ ಅದನ್ನು ಮುಚ್ಚುಹಳ್ಳ ಎಂದು ಸಾರುತ್ತಾರೆ. ನೀರನ್ನು ಕೊಳವೆಯೊಳಗೆ ಹಾಕಿ ಪಟ್ಟಣಕ್ಕೆ ಕೊಂಡೊಯ್ದು ಸೋಸುತ್ತಾರೆ, ಪಾತ್ರಕ್ಕೆ ಮಣ್ಣು ತುಂಬುತ್ತಾರೆ. ದಂಡೆಯವರಿಗೆ ಪಟ್ಟಣದ ಎತ್ತರದ ಕಟ್ಟಡದಲ್ಲಿ ಎರಡು ಕೋಣೆ ಕೊಡುತ್ತಾರೆ. ಕಷ್ಟವೇನಿಲ್ಲ, ಅನ್ನ ನೀರು ಎಲ್ಲ ಇರುತ್ತದೆ. ಆದರೆ ಅಪ್ಪ ಅಲ್ಲಿ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ?

ಹಳ್ಳ ನೋಡಲು ಬರುವವರಿಗೆ ಹೊಳೆಕಣ್ಣು ಅನ್ನುತ್ತೇವೆ. ನಮ್ಮ ಸೀಮೆಗೆ ಈರಾಜಮ್ಮ ಅನ್ನುವವರು. ತುಂಬ ಓದಿದವರು, ಬಹಳ ನಿಧಾನದ ಹೆಂಗಸು. ಮೇಲುಗಡವಿನಲ್ಲಿ, ಅಂದರೆ ಊರಿನ ಮೇಲುಗಡೆ ಹಳ್ಳ ದಾಟುವ ಜಾಗದಲ್ಲಿ, ಊರಿಗೆ ಊರೇ ನಿಂತಿತ್ತು. ಅಪ್ಪ ಬಲೆಯನ್ನು ಹರಿವಿಗೆ ಅಡ್ಡ ಹಿಡಿದ. ಅದರ ಮುಂದೆ ನಾನು ನಿಂತು ಕಾಲಿನಲ್ಲಿ ತಳದ ಕಲ್ಲುಗಳನ್ನು ಕೆದಕಿದೆ. ಎದ್ದದ್ದೆಲ್ಲ ಕೊಚ್ಚಿಕೊಂಡು ಬಲೆಗೆ ಬಂತು. ಅದನ್ನು ಬಿಳಿ ತಟ್ಟೆಗೆ ಸುರಿದು, ಕಸ ಸರಿಸಿದರೆ, ಮೂಲೆಯಲ್ಲಿ ಗೂಡುಹುಳ. ಒಂದಲ್ಲ, ನಾಲ್ಕೈದು.

ಅಪ್ಪ ತಟ್ಟೆಯ ಮುಂದೆ ಮಂಡಿಯೂರಿ ಕೂತುಬಿಟ್ಟ. "ಬಂದ್ಯಾ ನಮ್ಮಪ್ಪ? ಇಷ್ಟ್ ದಿನ ಎಲ್ಲೋಗಿದ್ಯೋ? ದಾರಿ ಗೊತ್ತಾಯ್ತಾ?" ಎಂದು ಆ ಹುಳವನ್ನು ಮಾತಾಡಿಸಿದ. ಹಿಂದೆ ಹೆಂಗಸರು ಅಳುತ್ತಿದ್ದರು, ಯಾರೋ ಊರಿನ ಕಡೆ ಕೂಗಿಕೊಂಡು ಓಡಿದರು. ನಾನೂ ನಗುತ್ತಾ ಬಗ್ಗಿದೆ. ಗೂಡು ಕರ್ರಗಿತ್ತು.

ನಮ್ಮ ಹಳ್ಳದಲ್ಲಿ ಇರುವುದು ಬಿಳಿ ಮರಳು. ಹಾಲಿನ ಹಾಗೆ ಬಿಳಿ. ಕರಿಮರಳು ಇರುವುದು ಬೆಟ್ಟದ ಸೀಮೆಯ ತೊರೆಗಳಲ್ಲಿ.

ಸುಮ್ಮನೆ ಇರಬಹುದಾಗಿತ್ತು. ಹೊಳೆಕಣ್ಣಿನವರು ಜೀವ ಇದೆ ಎಂದು ಗುರುತು ಹಾಕಿದ ಹಳ್ಳದಲ್ಲಿ ಕೆಳಗಿನ ಊರುಗಳವರು ಮಕ್ಕಳನ್ನು ಮೀಯಿಸುತ್ತಾರೆ. ನಮ್ಮ ಸುಳ್ಳನ್ನು ಆ ಮಕ್ಕಳು ಕುಡಿಯಬೇಕು. ನೀವು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದರೆ, ನಿಮ್ಮನ್ನು ಬಯ್ಯುವುದಕ್ಕೆ ನನಗೆ ಬಾಯಿ ಎಲ್ಲಿರುತ್ತದೆ?

"ಇದು ನಮ್ದಲ್ಲ ಅಮ್ಮೋರೆ" ಅಂದೆ. "ಗೂಡು ನೋಡಿ, ಕರಿಮರಳು. ಇದು ಹೊರಗಿಂದ ಬಂದದ್ದು."

ಅಪ್ಪ ನನ್ನನ್ನು ನೋಡಿದ ನೋಟ ಈಗಲೂ ಎದೆಯಲ್ಲಿ ಚುಚ್ಚಿಕೊಂಡಿದೆ. ಅಷ್ಟರಲ್ಲಿ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಾನ್ ತಂದಿದ್ದು. ತವರುಗಲ್ಲಿನ್ ಜೊತೇಲಿ ಬಂದಿರ್ತವೆ."

ತವರುಗಲ್ಲು ಅಂದರೆ, ಮದುವೆಯಾಗಿ ಬರುವ ಹೆಣ್ಣು ತನ್ನ ಊರಿನ ಹಳ್ಳದಿಂದ ಒಂದು ಕಲ್ಲು ತಂದು ಗಂಡನ ಊರಿನ ಹಳ್ಳದಲ್ಲಿ ಇಡುವ ಪದ್ಧತಿ. ನಮ್ಮ ಕಡೆ ಅದನ್ನು ಮೊದಲು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸುತ್ತಾರೆ, ಒಂದು ಹಳ್ಳದ ಜೀವ ಇನ್ನೊಂದರಲ್ಲಿ ಬೆರೆಯಬಾರದು ಎಂದು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗೊತ್ತಿರುತ್ತದೆ ಎಂದು ನಾವು ಅಂದುಕೊಂಡಿದ್ದೆವು.

"ಕಲ್ನ ಒಣಗಿಸ್ಲಿಲ್ವೇನವ್ವ?" ಎಂದು ಈರಾಜಮ್ಮ ಕೇಳಿದರು.

"ಒಣಗಿಸೋದಾ? ನಮ್ಮ ಕಡೆ ತಂಪಾಗೇ ಕಳ್ಸಾದು. ನಮ್ಮವ್ವ ಒದ್ದೆ ಬಟ್ಟೇಲಿ ಸುತ್ತಿ ಮಡ್ಲಿಗಿಟ್ಲು. ದಾರಿ ಉದ್ದಕ್ಕೂ ನೀರ್ ಚಿಮುಕಿಸ್ಕಂಡ್ ಬಂದಿವ್ನಿ. ತಪ್ಪಾಯ್ತಾ?"

ಆ "ತಪ್ಪಾಯ್ತಾ" ಕೇಳಿ ನನಗೆ ನನ್ನ ನಾಲಿಗೆಯನ್ನೇ ಕಿತ್ತು ಹಾಕಿಕೊಳ್ಳಬೇಕು ಅನ್ನಿಸಿತು. ಈರಾಜಮ್ಮ ಹುಳವನ್ನು ಅಂಗೈ ಮೇಲಿನ ನೀರಹನಿಗೆ ತೆಗೆದುಕೊಂಡು, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಅರ್ಧ ನೋಡ್ಬುಟ್ಟು ಪೂರ್ತಿ ಮಾತಾಡ್ತೀಯಲ್ಲಪ್ಪ. ತಲೆ ಕಡೆ ನೋಡು" ಅಂದರು.

ನೋಡಿದೆ. ಗೂಡು ಬಾಲದ ಕಡೆಯೆಲ್ಲ ಕಪ್ಪು. ತಲೆಯ ಹತ್ತಿರ, ಬಾಯಿಯ ಸುತ್ತ, ಬಿಳಿ ಕಾಳುಗಳ ಒಂದು ಬಳೆ. ನಮ್ಮ ಮರಳು. ಹುಳ ಬೆಳೆದಂತೆಲ್ಲ ಗೂಡನ್ನು ಮುಂದಕ್ಕೆ ಕಟ್ಟಿಕೊಂಡು ಹೋಗುತ್ತದೆ. ಅದು ನಮ್ಮ ಹಳ್ಳದಲ್ಲಿ ಉಂಡಿದೆ, ನಮ್ಮ ಹಳ್ಳದಲ್ಲಿ ದಪ್ಪಗಾಗಿದೆ.

"ಉಂಡ್ಕಂಡು ಇದೆ ಅಂದ್ರೆ ನೀರು ಕೊಲ್ತಾ ಇಲ್ಲ" ಎಂದರು ಈರಾಜಮ್ಮ. "ಆದ್ರೆ ಬಂದಿರೋದು ನೆಂಟ್ರು. ನೆಂಟ್ರನ್ನ ನಾನು ಲೆಕ್ಕಕ್ಕೆ ತಗೊಳಂಗಿಲ್ಲ. ಇವು ರೆಕ್ಕೆ ಕಟ್ಕೊಂಡು ಹಾರಿ, ಇಲ್ಲೇ ಮೊಟ್ಟೆ ಇಟ್ಟು, ಪೂರ್ತಿ ಬಿಳಿ ಗೂಡಿನ ಮರಿ ಸಿಗ್ಬೇಕು. ಮುಂದಿನ ಹೊಳೆತಿಂಗಳ ತನಕ ಕಾಯ್ತೀನಿ. ಹೊರಗಿನ ಹುಳ ಇನ್ನೊಂದು ಬಂದಿದೆ ಅಂತ ಗೊತ್ತಾದ್ರೂ ಅವತ್ತೇ ಮುಚ್ಚುಹಳ್ಳ."

ಹುಳಗಳನ್ನು ಮತ್ತೆ ನೀರಿಗೆ ಬಿಟ್ಟೆವು. ಹಾಗಾದರೆ ಸಿಕ್ಕಿದ್ದು ಒಂದು ವರ್ಷ, ನಾಲ್ಕೈದು ಹುಳ. ನನಗೆ ಅದು ಬಹಳ ದೊಡ್ಡದು. ಅಪ್ಪನಿಗೆ ಅದು ಕೈಗೆ ಬಂದ ಮಗುವನ್ನು ಕಿತ್ತುಕೊಂಡ ಹಾಗೆ. ಮನೆಗೆ ಬಂದು ಆ ಒಂದು ಮಾತು ಅಂದ, ಗೋಡೆಗೆ ತಿರುಗಿದ. ಮುದ್ದೆ ಇಟ್ಟರೆ ಮುದ್ದೆ ಆರುತ್ತದೆ. ಅತ್ತಿಗೆ ಅವನ ಪಕ್ಕ ಕೂತು, "ಮಾವ, ಬಯ್ಯಾದಿದ್ರೆ ನನ್ನ ಬಯ್ಯಿ, ಮಂಚನ್ ಬುಡಿ" ಅಂತಾಳೆ. ಅವನು ಅವಳ ತಲೆಯ ಮೇಲೆ ಕೈಯಿಡುತ್ತಾನೆ. ನನ್ನನ್ನು ಕಂಡರೆ ಕಣ್ಣು ಮುಚ್ಚುತ್ತಾನೆ.

ಇವತ್ತು ಎದ್ದು ನೋಡಿದರೆ ಬಾಗಿಲ ಹತ್ತಿರ ಅಟ್ಟದ ಮೇಲಿನ ಹಳೆಯ ಕೊಡಗಳು ಸಾಲಾಗಿ ಕೂತಿವೆ. ರಾತ್ರಿ ಎದ್ದು ಅಪ್ಪ ತೊಳೆದಿದ್ದಾನೆ. ಬಾಯಿಗೆ ಕಟ್ಟಲು ತೆಳುಬಟ್ಟೆ ಹರಿದಿಟ್ಟಿದ್ದಾನೆ. ಹೇಳದಿದ್ದರೂ ಗೊತ್ತಾಯಿತು. ಬೆಟ್ಟದ ಸೀಮೆಗೆ ನಡೆದುಹೋಗಿ, ಅತ್ತಿಗೆಯ ತವರಿನ ತೊರೆಯಿಂದ ಕೊಡಗಟ್ಟಲೆ ಹುಳ ತಂದು ಸುರಿಯುತ್ತಾನೆ. ಅವನ ಆಸೆ ನನಗೆ ಅರ್ಥವಾಗುತ್ತದೆ. ಜೀವಮಾನವೆಲ್ಲ ಕಾದವನಿಗೆ ನಾಲ್ಕೈದು ಹುಳದ ಮೇಲೆ ನಂಬಿಕೆ ಇಡು ಎಂದು ಯಾರು ಹೇಳಬೇಕು? ಆದರೆ ಅದು ತಿಳಿದರೆ ಇರುವ ವರ್ಷವೂ ಹೋಗುತ್ತದೆ. ತಿಳಿಯದಿದ್ದರೂ, ಬಿಳಿ ಬಳೆ ಕಟ್ಟಿಕೊಂಡ ಆ ನಾಲ್ಕೈದು ಪ್ರಾಣಿಗಳು ಪಟ್ಟ ಶ್ರಮಕ್ಕೆ ಬೆಲೆ ಇರುವುದಿಲ್ಲ.

ಮೇಲ್ದಂಡೆಯವರೇ, ನಿಮ್ಮನ್ನು ಇನ್ನೂ ಬಯ್ಯಬೇಕು ಎಂದಿದ್ದೆ, ಬರೆಯುತ್ತಾ ಬರೆಯುತ್ತಾ ಕೋಪ ಅರ್ಧ ಇಳಿಯಿತು. ನಿಮ್ಮಲ್ಲೂ ಗೋಡೆಗೆ ತಿರುಗಿ ಕೂತ ಅಪ್ಪಂದಿರು ಇದ್ದಿರಬೇಕು. ಒಂದೇ ಒಂದು ಕೇಳುತ್ತೇನೆ. ನಿಮ್ಮ ಊರಿನ ಹಿಂದೆ, ಬಸ್ ನಿಲ್ದಾಣದ ಪಕ್ಕ, ಮೂಗು ಮುಚ್ಚಿಕೊಂಡು ದಾಟುವ ಆ ನೀರಿಗೆ ಮೋರಿ ಅನ್ನುತ್ತೀರಲ್ಲ, ಅದು ಮೋರಿಯಲ್ಲ. ಅದಕ್ಕೆ ಹೆಸರಿತ್ತು. ಊರಿನ ವಯಸ್ಸಾದವರನ್ನು ಕೇಳಿ, ಯಾರಿಗಾದರೂ ನೆನಪಿರುತ್ತದೆ. ನಾಳೆಯಿಂದ ಅದನ್ನು ಆ ಹೆಸರಿನಲ್ಲಿ ಕರೆಯಿರಿ. ಹೆಸರಿಟ್ಟು ಕರೆದದ್ದರ ಬಾಯಿಗೆ ಉಗಿಯುವ ಮನಸ್ಸು ಯಾರಿಗೂ ಬರುವುದಿಲ್ಲ.

ನಾನು ಹೊರಟೆ. ಮೇಲುಗಡವಿನಲ್ಲಿ ಕಬ್ಬಿನ ಸೋಗೆಯ ಗುಡಿಸಲು ಹಾಕಿಕೊಂಡು ಇರುತ್ತೇನೆ. ಎಮ್ಮೆ ಇಳಿಯದ ಹಾಗೆ, ಮಕ್ಕಳು ಕಲ್ಲು ತಿರುವದ ಹಾಗೆ ನೋಡಿಕೊಳ್ಳಬೇಕು, ಆ ನಾಲ್ಕೈದು ಹಾರುವ ತನಕ. ಅತ್ತಿಗೆ ರೊಟ್ಟಿ ಕಟ್ಟಿಕೊಟ್ಟಿದ್ದಾಳೆ, "ನನ್ ತವರೋರ್ನ ಚೆನ್ನಾಗ್ ನೋಡ್ಕಳ್ಳಪ್ಪ" ಎಂದು ಕಣ್ಣೊರೆಸಿಕೊಂಡು ನಗುತ್ತಾಳೆ. ಕೊಡಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡಿದ್ದೇನೆ, ಒಂದನ್ನೂ ಬಿಟ್ಟಿಲ್ಲ. ಅಪ್ಪ ಇನ್ನೂ ಗೋಡೆ ನೋಡುತ್ತಿದ್ದಾನೆ, ಅವನ ಬೆನ್ನು ಕಾಣುತ್ತಿದೆ. ಮೆತ್ತಗೆ ಹೋದರೆ ಅವನು ಹಾಗೇ ಕೂತಿರುತ್ತಾನೆ, ಇವತ್ತೂ ಉಣ್ಣುವುದಿಲ್ಲ. ಅದಕ್ಕೇ ಬಾಗಿಲನ್ನು ಗೋಡೆ ಅದುರುವ ಹಾಗೆ ಧಡಾರನೆ ಬಡಿದು ಹೋಗುತ್ತೇನೆ. ಸಿಟ್ಟು ಬರಲಿ. ಎದ್ದು, ಕೊಡ ಇಲ್ಲದ್ದು ನೋಡಿ, "ಲೇ ಮಂಚಾ" ಎಂದು ಬೀದಿಯುದ್ದಕ್ಕೂ ಬಯ್ದುಕೊಂಡು ನನ್ನ ಹಿಂದೆ ಹಳ್ಳದ ತನಕ ಬರಲಿ.

ಮಂಚ