ಬಸಳೆ ಹತ್ತಿದ ಮಹಡಿ

ಹರ್ಲಿಂಗ್‌ಹ್ಯಾಮ್, ನೈರೋಬಿ
ಗುರುವಾರ, 13 ಫೆಬ್ರವರಿ 2025

ಬಾಲ್ಕನಿ ತೋಟದ ಸಂಸ್ಥಾಪಕರೂ ನನ್ನ ಯಜಮಾನರೂ ಆದ ವಿಶ್ವನಾಥರಿಗೆ ಗಿರಿಜೆಯ ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಕಂಪಾಲಾದ ಊಟ ಹೊಟ್ಟೆಗೆ ಒಗ್ಗಿತೇ? ಸೊಂಟ ನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ಫೋನ್ ಇರುವಾಗ ಪತ್ರವೇಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನೀವು ನನಗಿಂತ ಮೊದಲು ಲೆಟ್ಯೂಸಿನ ಆರೋಗ್ಯ ವಿಚಾರಿಸುತ್ತೀರಿ. ನಾನು ಬಾಯಿ ತೆರೆಯುವಷ್ಟರಲ್ಲಿ ‘ಮೀಟಿಂಗ್ ಇದೆ ಕಣೇ’ ಅನ್ನುತ್ತೀರಿ. ನಿಮ್ಮ ಫ್ಯಾಕ್ಟರಿಯ ನಂದನ್ ಇಂದು ಸಂಜೆ ಅಲ್ಲಿಗೇ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಪತ್ರವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ತೋಟದ ಕ್ಷೇಮ ಸಮಾಚಾರ. ತೋಟ ಸತ್ತಿದೆ. ಗಿಡ ಬೆಳೆಸಲು ನೀವು ಗೋಡೆಗೆ ನೇತುಹಾಕಿದ ಬಟ್ಟೆಯ ಜೇಬುಗಳಲ್ಲಿ ಈಗ ಬರಿ ಮಣ್ಣು, ಅದೂ ಬಿಸ್ಕತ್ತಿನಂತೆ ಒಣಗಿದೆ. ಕರೆಂಟ್ ಕೈಕೊಟ್ಟಿತು, ನಿಮ್ಮ ದುಬಾರಿ ಪಂಪು ಅದಕ್ಕೂ ಮೊದಲೇ ಕೈಕೊಟ್ಟಿತ್ತು. ಚೊಂಬಿನಲ್ಲಿ ನೀರು ಹಾಕೋಣವೆಂದರೆ ‘ಅಳತೆ ತಪ್ಪುತ್ತೆ, ಮುಟ್ಟಬೇಡ’ ಎಂಬ ನಿಮ್ಮ ಅಪ್ಪಣೆ. ಔಷಧ ಕಂಪನಿಯಲ್ಲಿ ಗುಣಮಟ್ಟ ನೋಡುವ ಗಂಡು, ಮಾತ್ರೆಯನ್ನೂ ಮೆಂತ್ಯವನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತದೆಂದು ಮದುವೆಗೆ ಮೊದಲು ನನಗೆ ಯಾರೂ ಹೇಳಲಿಲ್ಲ. ತಲೆಗೆ ಟೋಪಿ, ಕೈಗೆ ಗ್ಲೌಸ್ ಏರಿಸಿ, ಕೊತ್ತಂಬರಿಯ ಮುಂದೆ ನಿಂತು ‘ಬ್ಯಾಚ್ ಇನ್ನೂ ರಿಲೀಸ್ ಆಗಿಲ್ಲ, ಕೀಳಬೇಡ’ ಅಂದಿರಿ. ರಿಲೀಸ್ ಆಗುವ ಹೊತ್ತಿಗೆ ಅದು ಹೂಬಿಟ್ಟು, ಬೀಜ ಕಟ್ಟಿ, ಸಂಸಾರ ಮುಗಿಸಿ ಹೊರಟುಹೋಗಿತ್ತು. ಆ ದಿನದ ಸಾರಿಗೂ ನಾನು ಗೇಟಿನ ಪಕ್ಕ ತರಕಾರಿ ಮಾರುವ ಮಾಮಾ ಮ್ಬೋಗಾ ಹತ್ತಿರವೇ ಕೊತ್ತಂಬರಿ ತಂದೆ.

ನಿಮಗೆ ಈ ಗೋಡೆ ತೋಟದ ಮಂತ್ರೋಪದೇಶ ಮಾಡಿದ ಗೆಳೆಯ ಕಿಶನ್ ಇನ್ನೂ ದೊಡ್ಡವರು. ರುಂಡಾ ಬಡಾವಣೆಯ ಅವರ ಮನೆಯಲ್ಲಿ ಕುದುರೆ ಓಡಿಸುವಷ್ಟು ಹುಲ್ಲುಹಾಸು. ಪಾಲಕ್ ಮಾತ್ರ ಗೋಡೆಯ ಮೇಲೆ, ‘ಜಾಗ ಉಳಿಸೋಕೆ’. ಉಳಿದ ಜಾಗದಲ್ಲಿ ಏನು ಮಾಡ್ತೀರಿ ಅಂತ ನಾನು ಕೇಳಿದ್ದಕ್ಕೆ ನೀವು ಮನೆ ತಲುಪುವವರೆಗೂ ಕಾರಿನ ರೇಡಿಯೋ ಜೋರು ಮಾಡಿಟ್ಟಿರಿ.

ಬದುಕಿರುವುದು ಮೂಲೆಯ ಬಸಳೆ ಒಂದೇ. ಏಕೆ ಗೊತ್ತೇ? ಮೇಲಿನ ಮಹಡಿಯ, ನಮ್ಮ ಕರಾವಳಿಯ ಹಿಲ್ಡಾ ಆಂಟಿ ತಮ್ಮ ಕುಂಡಗಳಿಗೆ ಹಾಕಿದ ನೀರು ತೊಟ್ಟಿಕ್ಕುವುದು ಆ ಮೂಲೆಗೆ ಮಾತ್ರ. ಹೌದು, ಅದೇ ನೀರು. ಕಳೆದ ಜೂನಿನಲ್ಲಿ ನೀವು ಮೆಟ್ಟಿಲ ಮೇಲೆ ನಿಂತು, ಅವರ ಯಜಮಾನರು ವಾಲ್ಟರ್ ಅಂಕಲ್ ಎದುರಿಗೇ, ‘ನೀವು ಮೀನು ತೊಳೆದ ನೀರು ನಾವು ತಿನ್ನೋ ಸೊಪ್ಪಿಗೆ ಬೀಳ್ತಿದೆ’ ಅಂದಿರಲ್ಲ, ಆ ನೀರು. ಈ ಕಟ್ಟಡದಲ್ಲಿ ನಾನು ಕನ್ನಡದಲ್ಲಿ ನಗಬಹುದಾಗಿದ್ದ ಮನೆ ಅದೊಂದೇ ಇತ್ತು. ಅಂದೇ ಅದರ ಬಾಗಿಲು ಮುಚ್ಚಿತು. ಅವರು ಎಲ್ಲಿ ಎದುರಾಗುತ್ತಾರೋ ಎಂದು ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದೆ. ನೀವು ಗಮನಿಸಲಿಲ್ಲ, ಎಲೆಯ ಅಡಿಯಲ್ಲಿ ಹುಳ ಹುಡುಕುತ್ತಿದ್ದಿರಿ.

ಬಸಳೆಗೆ ಈ ಜಗಳ ಗೊತ್ತಿಲ್ಲ. ನಿಮ್ಮ ಗೋಡೆ ಮುಗಿದ ಮೇಲೂ ಹತ್ತುತ್ತಾ ಹೋಗಿ ಅವರ ಬಾಲ್ಕನಿಯ ಕಂಬಿ ಸುತ್ತಿಕೊಂಡಿದೆ. ಮೇಲಕ್ಕೆ ಬೆಳೆಯಬೇಕೆಂಬ ನಿಮ್ಮ ಭಾಷಣವನ್ನು ನಂಬಿದ್ದು ಅದೊಂದೇ. ಮೊನ್ನೆ ಭಾನುವಾರ ಮೇಲಿಂದ ಕತ್ತರಿಯ ಸದ್ದು ಕೇಳಿತು. ನಾನು ತಲೆ ಎತ್ತಿದೆ, ಹಿಲ್ಡಾ ಆಂಟಿ ಬಗ್ಗಿ ನೋಡಿದರು. ‘ಎಂತ ನೋಡುದು ಮಾರಾಯ್ತಿ? ದಂಟು ಕೊಟ್ಟದ್ದು ನಾನು. ಈಗ ತವರಿಗೆ ಬಂದಿದೆ, ಬಿಡ್ಲಿಕ್ಕುಂಟಾ? ಮೇಲೆ ಬಾ, ಊಟ ಮಾಡುವ.’ ನಿಜ, ಆ ದಂಟು ಕೊಟ್ಟವರು ಅವರೇ. ನೀವು ಜೇಬಿಗೆ ಅಂಟಿಸಿದ ಚೀಟಿಯಲ್ಲಿ ಮಾತ್ರ ‘ಮೂಲ: ತಿಳಿದಿಲ್ಲ’ ಎಂದಿದೆ.

ಹೋದೆ. ತಮಗೆ ಸೀಗಡಿ ಹಾಕಿದ ಬಸಳೆ, ನನಗೆ ಹೊಸ ಪಾತ್ರೆಯಲ್ಲಿ ಬೇರೆಯಾಗಿ ಹೆಸರುಕಾಳು ಹಾಕಿದ್ದು. ‘ಇದಕ್ಕೆ ಮೀನು ಮುಟ್ಟಿಸ್ಲಿಲ್ಲ, ನಿನ್ನ ಗಂಡನಿಗೆ ಹೇಳು’ ಅಂದರು. ನಗುತ್ತಲೇ ಅಂದರು. ಆದರೆ ಎರಡು ಸಲ ಅಂದರು.

ಸೊಂಟಕ್ಕೆ ಮುಲಾಮು ಕಳಿಸಿದ್ದೇನೆ, ಎರಡು ಹೊತ್ತೂ ಹಚ್ಚಿ. ನಿಮ್ಮ ಲೆಟ್ಯೂಸಿನ ಆತ್ಮಕ್ಕೆ ಶಾಂತಿಯೂ ನಿಮಗೆ ಒಳ್ಳೆಯ ನಿದ್ದೆ, ಒಳ್ಳೆಯ ಬುದ್ಧಿಯೂ ದೊರೆಯಲಿ.

ಮೆಟ್ಟಿಲು ಹತ್ತಿಳಿದು ಗಟ್ಟಿಯಾಗಿರುವ ನಿಮ್ಮ
ಗಿರಿಜಾ

ಮರೆತಿದ್ದೆ, ಕೆಳಗೆ ನಂದನ್ ಹಾರ್ನ್ ಹೊಡೆಯುತ್ತಿದ್ದಾನೆ. ನೀವು ಮನೆಗೆ ವಾಪಸಾಗುವ ಶನಿವಾರ ನಾನು ಸ್ಪ್ರಿಂಗ್ ವ್ಯಾಲಿಯಲ್ಲಿ ಗೆಳತಿ ಹಂಸಾಳ ಮೊಮ್ಮಗಳ ನಾಮಕರಣಕ್ಕೆ ಹೋಗಿರುತ್ತೇನೆ, ಬರುವುದು ಸಂಜೆಗೇ. ನಿಮ್ಮ ಬೀಗದ ಕೈಯನ್ನು ನೀವು ಇಲ್ಲೇ ಬಿಟ್ಟು ಹೋಗಿದ್ದೀರಿ. ಅದನ್ನು ಹಿಲ್ಡಾ ಆಂಟಿಗೆ ಕೊಟ್ಟಿದ್ದೇನೆ. ‘ಗಾರ್ಡ್ ಕೈಲಿ ಕಳಿಸಬೇಡಿ, ನಮ್ಮ ಯಜಮಾನರೇ ಬಂದು ಕೇಳಲಿ’ ಅಂತಲೂ ಅವರಿಗೆ ಹೇಳಿದ್ದೇನೆ. ಲಿಫ್ಟ್ ಬೇಡ, ಮೆಟ್ಟಿಲಲ್ಲೇ ಹೋಗಿ. ಏನು ಹೇಳಬೇಕೆಂದು ಯೋಚಿಸಲು ಸಮಯ ಸಿಗುತ್ತದೆ. ಬಸಳೆ ಬಡಿಸಿದರೆ ಕೂತು ಉಣ್ಣಿ.