ಎತ್ತಿಕೊಡದ ಮಾತು

ಹಿರೇಕೊಟ್ನೆಕಲ್, ಮಾನ್ವಿ ತಾಲೂಕು
ಗುರುವಾರ, ೯ ಜನವರಿ ೨೦೨೫

ಪ್ರೀತಿಯ ಯಮನಮ್ಮನಿಗೆ,

ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಇಲ್ಲದ ಪ್ರೀತಿ ಈಗ ಎಲ್ಲಿಂದ ಬಂತು ಎಂದು ಹುಬ್ಬು ಹಾರಿಸಬೇಡ. ಮೊದಲು ‘ಶಶಿಕಲಾಳ ಅವ್ವನಿಗೆ’ ಎಂದೇ ಬರೆದಿದ್ದೆ. ಸಾಲೆಯಿಂದ ಪಾಲಕರಿಗೆ ಕಳಿಸುವ ಚೀಟಿಯ ಹಾಗೆ ಕಂಡಿತು, ಹೊಡೆದು ಹಾಕಿದೆ. ನಿನ್ನ ಮೊಣಕಾಲು ಹೇಗಿದೆ? ದೇವದುರ್ಗದಲ್ಲಿ ಮಗಳ ಮನೆಗೆ ಮೆಟ್ಟಿಲು ಹೆಚ್ಚು, ಇಳಿಯುವಾಗ ಗೋಡೆ ಹಿಡಿದುಕೋ. ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಸೀಸೆ ಹಾಗೇ ಇಟ್ಟಿದ್ದೀಯೋ? ಫೋನು ಮಾಡಿ ಕೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದರೂ ಮೊಮ್ಮಗಳ ಕೈಗೆ ಕೊಡುತ್ತೀ, ಅವಳು ನನಗೆ ಮಗ್ಗಿ ಒಪ್ಪಿಸುತ್ತಾಳೆ. ನಿನ್ನೆ ಹದಿಮೂರರ ಮಗ್ಗಿ ಪೂರ್ತಿ ಕೇಳಿದೆ. ಈ ಕಾಗದವನ್ನು ಶಶಿಕಲಾಳ ಕೈಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ನೀನು ಮುನಿಸಿಕೊಂಡು ಹೋಗಿ ಇವತ್ತಿಗೆ ಒಂಬತ್ತು ದಿನ. ನಿನ್ನ ಅವ್ವ ಕೊಟ್ಟ ಇಳಕಲ್ಲ ಸೀರೆಯನ್ನು ನಿನ್ನನ್ನು ಕೇಳದೆ ಪೆಟ್ಟಿಗೆಯಿಂದ ತೆಗೆದು ನಾನು ಪಾತ್ರ ಮಾಡುತ್ತಿರುವ ಈ ಸಿನಿಮಾದವರಿಗೆ ಕೊಟ್ಟೆ, ನಿಜ. ‘ನನ್ನ ಸೀರಿ ನನ್ನ ಪೆಟಗಿಗೆ ಬರೂ ಮಟ ನಾ ಮಾನ್ವಿಗೆ ಬರಂಗಿಲ್ಲ’ ಎಂದು ನೀನು ಬಸ್ಸು ಹತ್ತಿದ್ದೂ ನಿಜ. ಅದರ ವಿಚಾರ ಆಮೇಲೆ ಬರೆಯುತ್ತೇನೆ. ಮೊದಲು ಇಲ್ಲಿಯ ಸುದ್ದಿ ಕೇಳು.

ಡೈರೆಕ್ಟರು ನಿಗಾರ್ ಯಾರೆಂದು ನಿನಗೆ ಗೊತ್ತಲ್ಲ. ರಾಯಚೂರಿನ ಪಾತ್ರೆ ಅಂಗಡಿ ಜಹೀರುದ್ದೀನರ ಮಗಳು, ನಾನು ಅಲ್ಲಿ ಮಾಸ್ತರನಾಗಿದ್ದಾಗ ನಾಲ್ಕನೆಯ ತರಗತಿಯಲ್ಲಿ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವಳು. ಈಗ ನಾನು ಬಾಯಿ ತೆರೆದರೆ ಸಾಕು, ‘ಕಟ್’ ಅನ್ನುತ್ತಾಳೆ. ಮೊದಲ ದಿನ ಕ್ಯಾಮೆರಾಕ್ಕೆ ಕಾಯಿ ಒಡೆದೆ, ಕೈಮುಗಿದೆ, ಗಂಟಲು ಸರಿಮಾಡಿಕೊಂಡು ‘ನೀರು ಕೊಡು’ ಎಂಬ ಎರಡೇ ಶಬ್ದ ಹೇಳಿದೆ. ಪಕ್ಕದ ಓಣಿಯಿಂದ ಯಾರೋ ಒಬ್ಬಾಕೆ ತಂಬಿಗೆ ಹಿಡಿದುಕೊಂಡು ಓಡಿ ಬಂದಳು! ನನಗೋ ಹೆಮ್ಮೆ. ನಿಗಾರ್ ತಲೆ ಹಿಡಿದುಕೊಂಡು ಕೂತಳು. ‘ಮಾಸ್ತರ್ರೀ, ನೀವು ಏನೂ ಮಾಡಬ್ಯಾಡ್ರಿ’ ಅಂದಳು. ಏನೂ ಮಾಡದಿರಲಿಕ್ಕೆ ನಾನೇ ಯಾಕೆ ಬೇಕು, ಒಂದು ಕಂಬ ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ! ನಲವತ್ತು ವರ್ಷ ಊರೂರು ನಾಟಕದಲ್ಲಿ ಕೊನೆಯ ಚಾಪೆಯ ಮೇಲೆ ಕೂತವನಿಗೂ ಕೇಳಿಸಬೇಕೆಂದು ಗಂಟಲು ಹರಿದುಕೊಂಡವನು ನಾನು. ಮೇಲಾಗಿ ನೋಡುವವರಿಗೆ ಬೆನ್ನು ತೋರಿಸಬಾರದು ಎಂಬುದು ನಮ್ಮ ನೇಮ. ಕ್ಯಾಮೆರಾ ಬಲಕ್ಕೆ ಹೋದರೆ ನಾನು ಬಲಕ್ಕೆ ತಿರುಗುತ್ತಿದ್ದೆ, ಬೆನ್ನ ಹಿಂದೆ ಬಂದರೆ ಗಿರಕಿ ಹೊಡೆದು ನಿಲ್ಲುತ್ತಿದ್ದೆ. ಮೂರನೆಯ ದಿನಕ್ಕೆ ನಾನೂ ನಿಗಾರಳೂ ಮಾತು ಬಿಟ್ಟೆವು.

ಸಿನಿಮಾದಲ್ಲಿ ನನ್ನ ಹೆಂಡತಿಯಾಗಿರುವವಳು ಹೀರಾಬಿ. ಅದೇ, ಮಾನ್ವಿಯಲ್ಲಿ ಬಳೆ ಮಾರುವಾಕೆ, ನಿನಗೂ ಬಳೆ ಇಟ್ಟಿದ್ದಾಳೆ. ಜನ್ಮದಲ್ಲಿ ಮುಖಕ್ಕೆ ಬಣ್ಣ ಹಚ್ಚಿದವಳಲ್ಲ. ಬಂದಳು, ರೊಟ್ಟಿ ಬಡಿದಳು, ನನ್ನ ಕಡೆ ಒಮ್ಮೆ ನೋಡಿದಳು, ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ‘ಹೆಂಗ ಮಾಡಿದಿ ಯವ್ವಾ?’ ಎಂದು ಕೇಳಿದರೆ, ‘ಏನ್ ಮಾಡೀನ್ರಿ ಯಪ್ಪಾ? ರೊಟ್ಟಿ ಮಾಡೀನಿ’ ಅಂದಳು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ದಿನ ನಿಗಾರಳಿಗೆ ನನ್ನ ರೋಗ ಗೊತ್ತಾಯಿತು. ಮರೆಯಿಂದ ಯಾರಾದರೂ ಮಾತು ಎತ್ತಿಕೊಡದೆ ನನಗೆ ಮಾತು ಸಲೀಸಾಗಿ ಬರುವುದಿಲ್ಲ. ಸ್ಟೇಜಿನಲ್ಲಿ ಪರದೆಯ ಹಿಂದಿನವರು ಎತ್ತಿಕೊಡುತ್ತಿದ್ದರು, ಮನೆಯಲ್ಲಿ ನೀನು, ಒಂದು ಕೈಯಲ್ಲಿ ಹಿಟ್ಟು, ಇನ್ನೊಂದರಲ್ಲಿ ನಾಟಕದ ಪುಸ್ತಕ ಹಿಡಿದು ಒಲೆಯ ಮುಂದಿನಿಂದ. ಈ ಹುಡುಗಿ ಏನು ಮಾಡಿದಳು ಗೊತ್ತೇ? ತಾನು ಡೈರೆಕ್ಟರು ಅನ್ನುವುದನ್ನೂ ನೋಡದೆ ಸೀದಾ ಬಂದು ನಾನು ಕೂತ ಹಗ್ಗದ ಹೊರಸಿನ ಕೆಳಗೆ ಅಡ್ಡಾಗಿ, ಅಲ್ಲಿಂದ ಪಿಸುಮಾತಿನಲ್ಲಿ ಎತ್ತಿಕೊಟ್ಟಳು. ಅವಳ ದನಿ ಸಣ್ಣದಾದರೆ ನನ್ನದೂ ತಾನೇ ಸಣ್ಣದಾಗುತ್ತದೆ! ಅಂದು ಮೊದಲ ಸಲ ಪಕ್ಕದ ಓಣಿಯವರು ಯಾರೂ ಬರಲಿಲ್ಲ. ಆಮೇಲೆ, ‘ಈ ಕ್ಯಾಮೆರಾನ ಕೊನೀ ಚಾಪಿ ಮ್ಯಾಗಿನ ಮನಷ್ಯಾ ಅನ್ಕೋರ್ರಿ. ಪಾಪ, ಎದ್ದು ಬಂದು ನಿಮ್ಮ ಬಾಜೂಕ ಕುಂತಾನ’ ಅಂದಳು. ಇದನ್ನು ಮೊದಲ ದಿನವೇ ಹೇಳಬಾರದಿತ್ತೇ? ನಾನೂ ಅವಳಿಗೆ ಒಂದು ಪಾಠ ಹೇಳಿಕೊಟ್ಟೆ. ‘ಗದ್ದಲ ಮಾಡಬ್ಯಾಡ್ರಿ ಅಂದ್ರ ಹುಡುಗ್ರು ಕೇಳೂದಿಲ್ಲವ್ವಾ, ಒಂದು ಲೆಕ್ಕಾ ಕೊಟ್ರ ಸುಮ್ಮಗಾಗ್ತಾವ. ಏನು ಬ್ಯಾಡ ಅನ್ನೂದು ಹೇಳಬ್ಯಾಡ, ಏನು ಬೇಕು ಅದನ್ನ ಹೇಳು’ ಅಂದೆ. ಅವಳು ಅದನ್ನು ವಹಿಯಲ್ಲಿ ಬರೆದುಕೊಂಡಳು. ಅಂದಿನಿಂದ ‘ಏನೂ ಮಾಡಬ್ಯಾಡ್ರಿ’ ಅನ್ನುವ ಬದಲು ‘ಆ ಬೆಲ್ಲದಾಗಿನ ಇರಿವಿ ಆರಸ್ರಿ’ ಅನ್ನುತ್ತಾಳೆ. ಇರುವೆ ಆರಿಸುತ್ತ ಆರಿಸುತ್ತ ನಾನು ಮಾತಾಡಿಬಿಡುತ್ತೇನೆ. ಮುಖ ಹೇಗಿತ್ತೆಂದು ನನಗೆ ನೆನಪೇ ಇರುವುದಿಲ್ಲ, ಅವಳು ಮಾತ್ರ ಕುಣಿದಾಡುತ್ತಾಳೆ.

ಇಷ್ಟೆಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಕೊನೆಯ ದೃಶ್ಯ ಬಂತು. ಕತೆಯಲ್ಲಿ ಗಂಡ ಹೆಂಡತಿಯನ್ನು ಕೇಳದೆ ಅವಳ ಆಡು ಮಾರಿಬಿಡುತ್ತಾನೆ. ಅವಳು ಗಂಟು ಕಟ್ಟಿ ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಅವನು ‘ತಪ್ಪಾತು’ ಅನ್ನಬೇಕು, ಅಷ್ಟೇ. ಕತೆ ಓದಿದ ದಿನ ಎಂಥ ಮುಠ್ಠಾಳ ಇವನು ಎಂದು ನಾನು ನಕ್ಕಿದ್ದೆ. ಇವತ್ತು ಮುಂಜಾನೆ ಆ ಒಂದು ಮಾತಿಗೆ ಇಪ್ಪತ್ತೆರಡು ಸಲ ನಿಂತೆ. ಮೊದಲ ಸಲ ಗುಡುಗಿದೆ, ಕೋಳಿಗಳು ದಿಕ್ಕಾಪಾಲಾದವು. ಐದನೆಯ ಸಲ ಅತ್ತೆ, ನೋಡುತ್ತಿದ್ದವರು ನಕ್ಕರು. ಹತ್ತರ ನಂತರ ದನಿಯೇ ಹೊರಡಲಿಲ್ಲ. ಎದುರಿಗೆ ಹೀರಾಬಿ ನಿನ್ನ ಸೀರೆ ಉಟ್ಟು ನಿಂತಿದ್ದಾಳೆ, ಆ ಸೆರಗು ನೋಡಿ ಹೇಗೆ ಹೇಳಲಿ? (ಎಲ್ಲ ದೃಶ್ಯದಲ್ಲೂ ಒಂದೇ ಥರ ಕಾಣಬೇಕೆಂದು ಸೀರೆಯನ್ನು ಒಂಬತ್ತು ದಿನದಿಂದ ಒಗೆದಿಲ್ಲ, ಒಂದು ಅರಿಶಿನದ ಕಲೆಯೂ ಆಗಿದೆ. ಇದನ್ನು ಬರೆಯಬಾರದಿತ್ತು, ಓದಿಲ್ಲವೆಂದು ತಿಳಿ.)

ನಿಗಾರ್ ಹೊರಸಿನ ಕೆಳಗಿನಿಂದ ಎದ್ದು ಬಂದು, ‘ಮಾಸ್ತರ್ರೀ, ಮನ್ಯಾಗ ಈ ಮಾತು ಯಾವಾಗರ ಅಂದೀರೇನ್ರಿ?’ ಎಂದು ಕೇಳಿದಳು. ಕೂತು ಯೋಚಿಸಿದೆ. ನೀರಿನ ಗಡಿಗೆ ಒಡೆದಾಗ ‘ಗಡಿಗಿ ಹಳೇದಿತ್ತು’ ಅಂದಿದ್ದೆ. ನಿನ್ನ ತಮ್ಮನ ಮದುವೆಗೆ ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಹೋಗಿ ಮುಟ್ಟಿದಾಗ ‘ಅವರ ಗಡಿಯಾರ ಮುಂದದ’ ಅಂದಿದ್ದೆ. ಈ ಮಾತು ಮಾತ್ರ ಒಮ್ಮೆಯೂ ಅಂದಿಲ್ಲ ಯಮನಮ್ಮ. ನಾಚಿಕೆಯಾಯಿತು. ಅವಳು ಹೇಳಿದಳು: ‘ಇದೊಂದು ಮಾತು ನಾ ಎತ್ತಿಕೊಡಂಗಿಲ್ರಿ. ಇವತ್ತು ದೇವದುರ್ಗದಾಗಿರೂ ಕಾಕೂಗ ಒಂದು ಕಾಗದಾ ಬರೀರಿ. ನನಗ ತೋರಸಬ್ಯಾಡ್ರಿ. ನಾಳಿ ಬಂದು ನಿಲ್ರಿ.’ ನನ್ನ ವಿದ್ಯಾರ್ಥಿನಿ ನನಗೇ ಮನೆಪಾಠ ಕೊಟ್ಟಳು, ನೋಡು! ನಾಳೆ ಶೂಟಿಂಗ್ ಮುಗಿಯುತ್ತದೆ, ಕ್ಯಾಮೆರಾ ರಾಯಚೂರಿಗೆ ವಾಪಸು ಹೋಗುತ್ತದೆ. ಮಾತು ಬರದಿದ್ದರೆ ಹೀರಾಬಿ ಬಾಗಿಲು ಎಳೆದುಕೊಂಡು ಹೊರಟುಹೋಗುವುದೇ ಸಿನಿಮಾದ ಕೊನೆಯಂತೆ. ಸಿನಿಮಾದ್ದು ಹೇಗೋ ಆಗಲಿ, ನಮ್ಮ ಮನೆಯದು ಹಾಗೆ ಆಗಬಾರದು ಎಂದು ನನಗೆ ಭಯ.

ಅದೇ ಹೊರಸಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೂರು ಹಾಳೆ ತುಂಬಿತು, ಆ ಮಾತಿನ ಸುತ್ತ ಪ್ರದಕ್ಷಿಣೆ ಹಾಕಿದ್ದೇ ಆಯಿತು. ಶಶಿಕಲಾಳಿಗೂ ಅಳಿಯ ಅನಿಲಕುಮಾರನಿಗೂ ನನ್ನ ಆಶೀರ್ವಾದ ಹೇಳು. ಮೊಮ್ಮಗಳು ಹದಿನಾಲ್ಕರ ಮಗ್ಗಿಗೆ ತಯಾರಾಗಲಿ, ಕೇಳಲು ನಾನಿದ್ದೇನೆ. ನಿನಗೆ ಏನು ಹೇಳಿ ಮುಗಿಸಬೇಕೋ ತಿಳಿಯದು, ಮೊಣಕಾಲು ಜೋಪಾನ.

ನಿನ್ನ
ಗದ್ದೆಪ್ಪ

ತಾ.ಕ.: ಶೂಟಿಂಗಿನ ಜೀಪು ಓಡಿಸುವ ಖಾಜಾ ದೇವದುರ್ಗಕ್ಕೆ ಹೊರಟು ನಿಂತಿದ್ದಾನೆ, ಕಾಗದ ಕೊಡ್ರಿ ಎಂದು ಹಾರ್ನು ಹೊಡೆಯುತ್ತಿದ್ದಾನೆ. ಸೀರೆಯನ್ನು ನಾಳೆ ಸಂಜೆ ನಾನೇ ನಿನ್ನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಭಾನುವಾರ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಯಮನಮ್ಮ, ತಪ್ಪಾತು. ಇದನ್ನು ಸಣ್ಣ ದನಿಯಲ್ಲಿ ಓದಿಕೋ, ನಾನು ಹಾಗೆಯೇ ಅಂದೆ. ಹೊರಸಿನ ಕೆಳಗೆ ಬಗ್ಗಿ ನೋಡಿದೆ, ಯಾರೂ ಇಲ್ಲ.