ಸೊಸೆಯ ಕೈಯಲ್ಲ, ನಿಮ್ಮ ನೀರು

ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರ್ ಸಾಹೇಬರೇ,

ನೀವು ಬಾಯಿ ಬಿಡದಿದ್ದ ಒಂದು ಸಂಗತಿಯಿಂದ ನಾನು ಸುಳ್ಳುಗಾರನಾದೆ. ಎಂಟು ತಿಂಗಳ ಹಿಂದೆ ಹೊಳೆಯ ನೀರಿಗೆ ಕೊಳವೆಬಾವಿಯ ನೀರು ಬೆರೆಸಲು ಶುರು ಮಾಡಿದಿರಿ. ಬೆರೆಸಿ, ಬೇಡವೆಂದವರಾರು? ಒಂದು ಮಾತು ಹೇಳಬಾರದಿತ್ತೇ? ಕಚೇರಿಯ ಗೋಡೆಗೆ ‘ನೀರು ಅಮೂಲ್ಯ’ ಎಂದು ಬರೆಸಲು ಸಿಕ್ಕ ಬಣ್ಣ ಇದಕ್ಕೆ ಸಾಲದೇ ಹೋಯಿತೇ?

ಇಪ್ಪತ್ತೆರಡು ವರ್ಷದಿಂದ ನಲ್ಲಿ ರಿಪೇರಿ ಮಾಡುವವನು ನಾನು. ನಮ್ಮ ಬೀದಿಯ ಟೈಲರಮ್ಮನ ಮನೆಗೆ ಮೂರು ತಿಂಗಳಲ್ಲಿ ನಾಲ್ಕು ಸಲ ಹೋದೆ. ಅಡುಗೆಮನೆಯ ಅದೇ ನಲ್ಲಿ, ಪ್ರತಿ ಸಲವೂ ಹರಿದ ವಾಷರ್. ನಾಲ್ಕನೇ ಸಲ ತಲೆ ಕೆಟ್ಟು, ದೊಡ್ಡ ಪಂಡಿತನಂತೆ ಹೇಳಿಬಿಟ್ಟೆ: “ಯಾರೋ ಸಿಕ್ಕಾಪಟ್ಟೆ ಬಿಗಿಯಾಗಿ ತಿರುಗಿಸ್ತಾರಮ್ಮ. ಒರಟು ಕೈ.”

“ಇನ್ಯಾರು? ನಮ್ಮ ಮಹಾರಾಣಿ! ಮುಟ್ಟಿದ್ದೆಲ್ಲ ಹಾಳು,” ಎಂದು ಟೈಲರಮ್ಮ ಸೊಸೆಯತ್ತ ನೋಡಿದರು. ಮದುವೆಯಾಗಿ ವರ್ಷ ತುಂಬದ ಹುಡುಗಿ. “ನಾನು ಮೆಲ್ಲಗೇ ತಿರುಗಿಸ್ತೀನಿ ಅಣ್ಣಾ,” ಎಂದಳು. ನಾನು ಕೇಳಿಸದವನಂತೆ ಚೀಲ ಹೆಗಲಿಗೇರಿಸಿ ಹೊರಟೆ.

ಹೋದ ವಾರ ನನ್ನ ಮನೆಯದೇ ನಲ್ಲಿ ತೊಟ್ಟಿಕ್ಕತೊಡಗಿತು. ನಾನು ಒಂಟಿ, ತಿರುಗಿಸುವ ಕೈ ನನ್ನದೊಂದೇ. ಬಿಚ್ಚಿದರೆ, ವಾಷರ್ ಕೂರುವ ಅಂಚಿಗೆ ಬಿಳಿ ಪೊರೆ ಕಟ್ಟಿದೆ! ಬೆರಳಿಗೆ ಗರಗಸದಂತೆ ತಾಗಿತು. ವಿನಿಗರ್‌ನಲ್ಲಿ ಅದ್ದಿದೆ, ಬುಸಬುಸ ನೊರೆಯೆದ್ದು ಕರಗಿತು. ಗಡಸು ನೀರಿನ ಸುಣ್ಣ; ವಾಷರ್ ಹರಿಯುತ್ತಿದ್ದುದು ಅದರಿಂದಲೇ. ನಿಮ್ಮ ಪಂಪ್‌ಹೌಸಿನವರನ್ನು ಕೇಳಿದರೆ, “ಅಯ್ಯೋ, ನಿಮಗೆ ಗೊತ್ತಿಲ್ವಾ? ಬೋರ್ ನೀರು ಸೇರಿಸಿ ಎಂಟು ತಿಂಗಳಾಯ್ತಲ್ಲ!” ಎಂದು ನಕ್ಕರು.

ನೀವು ಹೇಳಲಿಲ್ಲ, ನಿಜ. ಆದರೆ ನಾಲ್ಕು ಸಲ ಬಿಚ್ಚಿದ ನಾನು ಒಮ್ಮೆಯಾದರೂ ಆ ಅಂಚಿನ ಮೇಲೆ ಬೆರಳಾಡಿಸಿದ್ದರೆ? ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ, ಸಾಹೇಬರೇ. ತಪ್ಪೊಪ್ಪಿಕೊಳ್ಳಲು ಆ ಮನೆಗೆ ಹೋದೆ. ಸೊಸೆ ಎರಡೇ ಬೆರಳಲ್ಲಿ, ಅತ್ತೆಯ ಕಡೆ ನೋಡುತ್ತ, ಹೆದರಿ ಹೆದರಿ ನಲ್ಲಿ ತಿರುಗಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಟೈಲರಮ್ಮ ನಂಬಬೇಕಲ್ಲ! “ಅವಳನ್ನ ನೋಡಿ ಪಾಪ ಅನ್ನಿಸಿ ಹೀಗಂತಿದ್ದೀಯಪ್ಪ. ಅವತ್ತು ನೀನೇ ತಾನೆ ಹೇಳಿದ್ದು?” ಎಂದರು. ಇಷ್ಟು ವರ್ಷ ಗಳಿಸಿದ ನಂಬಿಕೆ ಸುಳ್ಳಿಗೆ ಒದಗಿತು, ನಿಜಕ್ಕೆ ಒದಗಲಿಲ್ಲ.

ಆದ್ದರಿಂದ ನಿಮ್ಮ ಮೊಹರು ಬೇಕು. ನೀರು ಎಂದಿನಿಂದ ಬದಲಾಯಿತು, ಗಡಸುತನ ಎಷ್ಟು, ನಲ್ಲಿಗಳಿಗೆ ಏನಾಗುತ್ತದೆ ಎಂದು ಬರೆದು ಕಚೇರಿಯ ಬಾಗಿಲಿಗೆ ಅಂಟಿಸಿ. ಒಂದು ಪ್ರತಿ ನನಗೆ ಕೊಡಿ. ಆ ಅಡುಗೆಮನೆಯಲ್ಲೇ ನಿಂತು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆ ಹುಡುಗಿ ಇನ್ನಾದರೂ ಇಡೀ ಕೈಯಲ್ಲಿ ನಲ್ಲಿ ಹಿಡಿಯಲಿ.

ಇಂತಿ,
ನೀರನ್ನು ನೋಡದೆ ಕೈಯನ್ನು ದೂರಿದ
ನಲ್ಲಿ ರಿಪೇರಿಯವನು